ಡುಮ್ಮನಿಗೊಂದು ಲೈಸೆನ್ಸ್

ಭುಜದ ಮೂಳೆ ಚೆನ್ನಾಗಿ ಕೂಡಿಕೊಂಡಿದೆ ಎಂದು ಡಾಕ್ಟರು ಹೇಳಿ ಮುಗಿಸುವ ಮೊದಲೇ ಕನ್ನಡಕದಕ್ಕ ಬಾಯಿ ಹಾಕಿದಳು. "ಹಾಗಾದ್ರೆ ರೈಫಲ್ ಹಿಡೀಬಹುದಲ್ಲ?"

ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದರು. ಮೂಳೆಯ ಮೇಲೊಂದು ಲೋಹದ ಪಟ್ಟಿ, ಅದರ ಉದ್ದಕ್ಕೂ ಸ್ಕ್ರೂಗಳು. "ಇದನ್ನ ನೋಡಿ. ಈ ಭುಜಕ್ಕೆ ವಾರವಾರ ಬಂದೂಕಿನ ಒದೆ ಬೀಳ್ತಾ ಹೋದ್ರೆ ಇದೆಲ್ಲ ಸಡಿಲ ಆಗುತ್ತೆ. ಆ ಆಟ ಸಾಕು ಮಾಡಿ."

"ಎಷ್ಟು ಒದೆ ಅಂತ ಹೇಳಿ ಡಾಕ್ಟ್ರೇ. ಕತ್ತೆನೂ ಒದೆಯುತ್ತೆ, ಎಳೆಗರುನೂ ಒದೆಯುತ್ತೆ."

ಡಾಕ್ಟರನ್ನು ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು. ಆ ಕನ್ನಡಕವೂ ಅಕ್ಕನ ಅಂಗಡಿಯದೇ. "ಹಳೇ ಗೆಳತಿ ಸಿಕ್ಕಿ ಭುಜ ತಟ್ಟಿದಳು ಅನ್ಕೊಳ್ಳಿ, ಅಷ್ಟು ತಡೆಯುತ್ತೆ. ಜಗಳಕ್ಕೆ ಬಂದವರು ಗುದ್ದಿದ್ರೆ ತಡೆಯಲ್ಲ."

"ಸರಿ, ಅಳತೆ ಸಿಕ್ತು," ಎಂದು ಅಕ್ಕ ಎದ್ದು ಬಂದಳು.

ಬಸ್ ನಿಲ್ದಾಣದ ಎದುರಿನ ಮೂಲೆಯಲ್ಲಿ ಅವಳ ಕನ್ನಡಕದ ಅಂಗಡಿ. ಮುಂದೆ ಗಾಜಿನ ಕಪಾಟು, ಒಂದು ಉದ್ದ ಕನ್ನಡಿ, ಕಣ್ಣು ಪರೀಕ್ಷೆಯ ಕುರ್ಚಿ. ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರ. ಅಟ್ಟದ ಮೇಲಿದ್ದ ಫ್ರೇಮಿನ ಪೆಟ್ಟಿಗೆ ತೆಗೆಯಲು ಹೋಗಿ ಏಣಿಯಿಂದ ಬಿದ್ದು ಬಲಭುಜ ಮುರಿದುಕೊಂಡಿದ್ದು ಇದೇ ಅಂಗಡಿಯಲ್ಲಿ. ಊರಿನವರಿಗೆಲ್ಲ ಅವಳು ಕನ್ನಡಕದಕ್ಕ. ಆದರೆ ಊರಾಚೆ, ಕೆಲಸ ನಿಂತುಹೋದ ಕಲ್ಲುಕ್ವಾರಿಯಲ್ಲಿ ಭಾನುವಾರ ಸೇರುವ ಶೂಟಿಂಗ್ ಕ್ಲಬ್ಬಿನವರಿಗೆ ಅವಳು ಬೇರೆಯೇ ಒಬ್ಬಳು. ಅಲ್ಲಿ ಮುನ್ನೂರು ಮೀಟರ್ ದೂರದ ಕಾಗದದ ಗುರಿಗೆ ಮಲಗಿ ಗುಂಡು ಹೊಡೆಯುವುದೇ ಆಟ. ವರ್ಷಕ್ಕೊಮ್ಮೆ ನಡೆಯುವ ಪಂದ್ಯದ ಬಹುಮಾನದ ಬಟ್ಟಲು ಹಲವು ವರ್ಷದಿಂದ ಅವಳ ಮನೆಯ ಕಪಾಟು ಬಿಟ್ಟು ಕದಲಿರಲಿಲ್ಲ. ಅಂಗಳ ಗುಡಿಸುವಾಗ ಬಗ್ಗಲು ಗೊಣಗುವ ಹೆಂಗಸು ಕ್ವಾರಿಯ ಜಮಖಾನೆಯ ಮೇಲೆ ಮಲಗಿದಳೆಂದರೆ ಕಲ್ಲಿನ ಹಾಗೆ ಕದಲುವುದಿಲ್ಲ ಎಂದು ಗಂಡನೇ ಹೇಳಿಕೊಂಡು ತಿರುಗುತ್ತಿದ್ದ.

ಅವಳ ರೈಫಲ್ಲು ಕ್ಲಬ್ಬಿನ ಮುಕ್ಕಾಲು ಜನರ ಬಳಿ ಇದ್ದ ಕ್ಯಾಲಿಬರಿನದೇ: ತ್ರೀ ನಾಟ್ ಏಟ್. ಕ್ಯಾಲಿಬರ್ ಅಂದರೆ ನಳಿಕೆಯ ಒಳಗಿನ ಅಗಲ, ಅಷ್ಟೇ. ಆದರೆ ಆ ಅಗಲವೇ ಗುಂಡಿನ ತೂಕ, ಮದ್ದಿನ ಜೋರು, ಭುಜಕ್ಕೆ ಬೀಳುವ ಒದೆ ಎಲ್ಲವನ್ನೂ ಬಹುಮಟ್ಟಿಗೆ ನಿರ್ಧರಿಸುತ್ತದೆ. ಅತ್ತೆಯಂತೂ ಆ ಹೆಸರನ್ನು ಮೊದಲ ಸಲ ಕೇಳಿದ ದಿನವೇ, "ಹೆಸರಲ್ಲೇ ಏಟು ಇಟ್ಕೊಂಡಿದೆ, ಇನ್ನು ಸುಮ್ನೆ ಬಿಡುತ್ತಾ?" ಎಂದಿದ್ದರು.

ಡಾಕ್ಟರು ಹೇಳಿದ್ದು ಮನೆಗೆ ತಲುಪಿದಾಗ ಅತ್ತೆ ನಿರಾಳವಾದರು. "ಒಳ್ಳೇದಾಯ್ತು ಬಿಡೇ. ಇರೋದು ಒಂದು ಭುಜ."

"ಎರಡಿದೆ ಅತ್ತೆ."

"ಇನ್ನೊಂದನ್ನೂ ಮುರಕೋಬೇಕಾ?"

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಯಾವುದು ಕೆಟ್ಟರೂ ರಿಪೇರಿಯಾಗುತ್ತದೆ ಎಂದು ನಂಬಿದವನು. ಪೊರಕೆಯ ಹಿಡಿಯನ್ನೇ ರೈಫಲ್ ಮಾಡಿ ಎಡಭುಜಕ್ಕೆ ಆನಿಸಿ, "ಹೀಗೆ ಹಿಡಿದು ನೋಡು," ಎಂದ. ಅವಳು ನೋಡಿದಳು. ಹಿಡಿತವೇನೋ ಬಂತು, ಆದರೆ ಗುರಿಯ ಕಣ್ಣು ಅವಳಿಗೆ ಬಲಗಣ್ಣು. ತಲೆಯನ್ನು ಕೊಕ್ಕರೆಯಂತೆ ಓರೆ ಮಾಡಿದರೂ ಪೊರಕೆ ಒಂದು ಕಡೆ, ನೋಟ ಒಂದು ಕಡೆ. ಅತ್ತೆ ನಗು ತಡೆಯಲಾರದೆ ಅಡುಗೆಮನೆಗೆ ಹೋದರು.

ಕ್ಲಬ್ಬಿನಲ್ಲೂ ಸಮಾಧಾನ ಹೇಳುವವರಿಗೆ ಬರವಿರಲಿಲ್ಲ. ಹೊಸಬರಿಗೆ ಪಾಠ ಹೇಳಿಕೊಡಿ ಎಂದರು, ಅಂಕ ಬರೆಯಲು ಕೂತುಕೊಳ್ಳಿ ಎಂದರು. ಎಲ್ಲರೂ ಅವಳ ಬಗ್ಗೆ 'ಹೊಡೀತಿದ್ದರು' ಎಂದು ಮಾತಾಡತೊಡಗಿದ್ದು ಅವಳ ಕಿವಿಗೆ ಬಿತ್ತು. ಬದುಕಿರುವಾಗಲೇ ತನ್ನ ತಿಥಿಯೂಟ ಉಂಡ ಹಾಗಾಯಿತು ಅವಳಿಗೆ.

"ನನ್ನ ಅಂಗಡಿಗೆ ಬಂದೋರಿಗೆ ಕಣ್ಣು ಮಂಜಾಗಿದೆ ಅಂದ್ರೆ, ಮನೇಲಿ ಕೂತ್ಕೊಳ್ಳಿ ಅಂತೀನಾ?" ಎಂದು ಗಂಡನನ್ನು ಕೇಳಿದಳು. "ಗಾಜು ಬದಲಾಯಿಸ್ತೀನಿ. ಇಲ್ಲೂ ಅಷ್ಟೇ. ರೈಫಲ್ ಬದಲಾಯಿಸಿದ್ರಾಯ್ತು."

ಬಂದೂಕಿನ ಅಂಗಡಿ ಹಳೆಯ ಪೇಟೆಯ ಓಣಿಯಲ್ಲಿ. ಅಂಗಡಿಯವನನ್ನು ಎಲ್ಲರೂ ಸಾಹುಕಾರ ಎನ್ನುತ್ತಿದ್ದರು. ಅವನೂ ಕ್ಲಬ್ಬಿನವನೇ. ಗುರಿ ಅಷ್ಟಕ್ಕಷ್ಟೇ, ಮಾತು ಮಾತ್ರ ಸದಾ ಗುರಿಯ ನಡುವಿಗೆ. ಅಕ್ಕ ವಿಷಯ ಹೇಳಿದ ಕೂಡಲೇ ಅವನು ಗೋಡೆಯಿಂದ ಒಂದು ದೈತ್ಯ ರೈಫಲ್ಲನ್ನು ಇಳಿಸಿದ. "ಇದು ಮ್ಯಾಗ್ನಮ್, ಮದ್ದು ಜಾಸ್ತಿ, ಜೋರೂ ಜಾಸ್ತಿ. ಈಗ ಎಲ್ಲರೂ ಇದನ್ನೇ ಕೇಳ್ತಾರೆ."

"ಸಾಹುಕಾರ್ರೇ, ನಾನು ಭುಜ ಮುರಿದಿದೆ ಅಂದೆ. ಇನ್ನೂ ಮುರೀಬೇಕು ಅನ್ನಲಿಲ್ಲ."

ಸಾಹುಕಾರ ನಕ್ಕು ಅದನ್ನು ಮತ್ತೆ ಗೋಡೆಗೇರಿಸಿದ. ಹಸಿರು ಬಟ್ಟೆ ಹಾಸಿ, ಅದರ ಮೇಲೆ ಒಂದೊಂದೇ ತೋಟಾ ನಿಲ್ಲಿಸುತ್ತ ಬಂದ. ಕುಟುಂಬದ ಫೋಟೋಗೆ ನಿಂತವರ ಹಾಗೆ ಸಾಲಾಗಿ ನಿಂತವು. ಕೊನೆಯಲ್ಲಿ ಅವಳ ಹಳೆಯ ತ್ರೀ ನಾಟ್ ಏಟ್, ಮನೆಯ ಯಜಮಾನನ ಗತ್ತಿನಲ್ಲಿ. ಅದರ ಪಕ್ಕ ತೆಳ್ಳಗೆ ಎತ್ತರದ ಆರೂವರೆ ಮಿಲಿಮೀಟರಿನದು, ಓದಿದ ಮಗಳಂತೆ. ಈಚೆ ತುದಿಯಲ್ಲಿ ಕಡ್ಡಿಯಂಥ ಟೂ ಟ್ವೆಂಟಿತ್ರೀ.

"ಈ ಕಡ್ಡಿ ಒದೆಯೋದೇ ಇಲ್ಲ," ಎಂದ ಸಾಹುಕಾರ.

"ಒದೆಯಲ್ಲ, ಆದ್ರೆ ನಿಲ್ಲೋದೂ ಇಲ್ಲ. ನಮ್ಮ ಕ್ವಾರಿಯ ಗಾಳಿಗೆ ಅಷ್ಟು ಹಗುರದ ಗುಂಡು ಗಾಳಿಪಟ ಆಗುತ್ತೆ." ಅಕ್ಕನ ಬೆರಳು ಸಾಲಿನ ನಡುವೆ ನಿಂತಿತು. "ಇದ್ಯಾವುದು?"

ಉಳಿದವುಗಳ ಭುಜಕ್ಕೂ ಬಾರದ ಒಂದು ಗಿಡ್ಡ ತೋಟಾ ಅಲ್ಲಿ ನಿಂತಿತ್ತು. ಗಿಡ್ಡ ಮಾತ್ರವಲ್ಲ, ತುದಿಯ ಗುಂಡು ಸಣ್ಣದಾದರೂ ಕೆಳಗಿನ ಚಿಪ್ಪು ದಪ್ಪ ಕೂಡ. ಹೊಟ್ಟೆ ತುಂಬ ಉಂಡು ಸೊಂಟದ ಮೇಲೆ ಕೈಯಿಟ್ಟು ನಿಂತ ಹಾಗೆ.

"ಅಯ್ಯೋ, ಅದು ಆರು ಮಿಲಿಮೀಟರ್. ಯಾರೋ ತರಿಸಿ ಬಿಟ್ಟುಹೋದದ್ದು. ಮದ್ದು ಕಮ್ಮಿ ಹಿಡಿಯುತ್ತೆ, ಒದೆ ಕಮ್ಮಿ, ಗುಂಡು ಮಾತ್ರ ಉದ್ದ, ಗಾಳಿಗೆ ಸುಲಭಕ್ಕೆ ಬಗ್ಗಲ್ಲ. ಮುನ್ನೂರು ಮೀಟರ್‌ಗೆ ಅದರಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ ಅಂತಾರೆ. ಆದ್ರೆ ತೋಟಾ ಯಾವ ಅಂಗಡೀಲೂ ಸಿಗಲ್ಲಕ್ಕ. ಮದ್ದು, ಗುಂಡು ಕೂಡಿಸಿ ನೀವೇ ತುಂಬಿಕೋಬೇಕು. ಯಾರಿಗೆ ಬೇಕು ಆ ತಲೆನೋವು?"

"ದಿನಾ ಕೂದಲೆಳೆಯಷ್ಟು ಗಾಜು ಉಜ್ಜಿ ಅಳೆಯೋಳಿಗೆ ಅದೇನು ತಲೆನೋವು?" ಎಂದು ಅಕ್ಕ ಅದನ್ನು ಅಂಗೈ ಮೇಲೆ ಉರುಳಿಸಿದಳು. "ಡುಮ್ಮ," ಎಂದಳು ಮೆಲ್ಲಗೆ. ಆ ಹೆಸರು ಅಲ್ಲೇ ಅಂಟಿಕೊಂಡಿತು.

ಆದರೆ ಮನಸ್ಸು ಅಷ್ಟು ಸುಲಭವಾಗಿ ಡುಮ್ಮನ ಕಡೆ ವಾಲಲಿಲ್ಲ. ಸಾಹುಕಾರನ ಬಳಿ ಆರೂವರೆಯ ಒಂದು ಹಳೆಯ ರೈಫಲ್ಲಿತ್ತು. ಮರದ ಹಿಡಿಯ ಮೇಲೆ ಜೇನಿನ ಬಣ್ಣದ ಗೆರೆಗಳು ಹರಿಯುವ ನೀರಿನ ಹಾಗೆ. ತೋಟಾ ಒಳಗೆ ತಳ್ಳುವ ಬೋಲ್ಟು ಎಳೆದರೆ ಬೆಣ್ಣೆಯಲ್ಲಿ ಬೆರಳಾಡಿದ ಸುಖ. ಅಕ್ಕ ಅದನ್ನು ಕೆಳಗಿಡಲು ಮರೆತು ಎಷ್ಟೋ ಹೊತ್ತು ನಿಂತಿದ್ದಳು. ಡುಮ್ಮನ ರೈಫಲ್ಲೋ ಬೂದು ಬಣ್ಣದ ಕಬ್ಬಿಣದ ಸಾಮಾನು, ಎಲ್ಲೆಂದರಲ್ಲಿ ತಿರುಪು. ಜೊತೆಗೆ ಬಂದಿದ್ದ ಗಂಡ ಅದನ್ನು ನೋಡಿ, "ನಮ್ಮ ಡಿಪೋದಲ್ಲಿ ಬಸ್ಸಿನ ಅಡಿಗೆ ಇಂಥದ್ದು ಎಷ್ಟೋ ಬಿದ್ದಿರುತ್ತೆ," ಎಂದ.

ಮುಂದಿನ ಭಾನುವಾರ ಸಾಹುಕಾರ ಎರಡನ್ನೂ ಕ್ವಾರಿಗೆ ತಂದ. ಅಕ್ಕ ಮೊದಲು ಕೈಹಾಕಿದ್ದು ಆರೂವರೆಗೇ. ಮಲಗಿ, ಕೆನ್ನೆಯನ್ನು ಆ ಚೆಂದದ ಮರಕ್ಕೆ ಒತ್ತಿ, ಉಸಿರು ಅರ್ಧಕ್ಕೆ ನಿಲ್ಲಿಸಿ ಹೊಡೆದಳು. ಗುಂಡು ನಡುವಿಗೇ ಹೋಯಿತು. ಭುಜ ಏನೂ ಅನ್ನಲಿಲ್ಲ. ಅವಳ ಎದೆ ಕುಣಿಯಿತು. ಇನ್ನೊಂದು, ಮತ್ತೊಂದು. ಹೀಗೆ ಹೊಡೆಯುತ್ತ ಹೋದಂತೆ ಪಟ್ಟಿ ಕೂರಿಸಿದ ಜಾಗದಲ್ಲಿ ಸಣ್ಣಗೆ ಒಂದು ನೋವು ಎದ್ದು ಕೂತಿತು. ಇಲ್ಲವೆಂದು ನಟಿಸಿದಳು. ಅದು ನಟಿಸಲು ಬಿಡಲಿಲ್ಲ. ಟ್ರಿಗರ್ ಎಳೆಯುವ ಮೊದಲೇ ಕಣ್ಣು ಪಿಳುಕಿತು, ಗುಂಡು ಗುರಿಯ ಅಂಚಿಗೆ ಹೋಯಿತು.

ಅವಳು ಎದ್ದು ಕೂತು ಆರೂವರೆಯ ಬೆನ್ನು ಸವರಿದಳು. "ಇದು ಮೊದಲು ತಟ್ಟುತ್ತೆ, ಆಮೇಲೆ ಗುದ್ದುತ್ತೆ. ತಗೊಂಡು ಹೋಗಿ ಸಾಹುಕಾರ್ರೇ."

"ಅದಕ್ಕೊಂದು ಮೆತ್ತೆ ಹಾಕಿದ್ರೆ..." ಎಂದು ಸಾಹುಕಾರ ಎಳೆದ.

"ಫ್ರೇಮ್ ಚೆನ್ನಾಗಿದೆ ಅಂತ ಬೇರೆಯವರ ನಂಬರಿನ ಕನ್ನಡಕ ಹಾಕ್ಕೊಳ್ಳೋರನ್ನ ನಾನು ದಿನಾ ನೋಡ್ತೀನಿ. ಚಂದದ್ದು ಬೇರೆ, ಒಗ್ಗೋದು ಬೇರೆ."

ಡುಮ್ಮನನ್ನು ಹಿಡಿದು ಮಲಗಿದಳು. ಸದ್ದಾಯಿತು. ಭುಜಕ್ಕೆ ಬಂದದ್ದು ಹಿಂದಿನಿಂದ ಯಾರೋ ಬಂದು 'ಏನಕ್ಕ, ಚೆನ್ನಾಗಿದ್ದೀಯಾ?' ಎಂದು ತಟ್ಟಿದ ಹಾಗೆ. ರೈಫಲ್ಲಿನ ಜೊತೆ ಉಳಿದಿದ್ದ ತೋಟಾ ಮುಗಿಯುವ ತನಕ ಹೊಡೆದಳು. ದೂರದರ್ಶಕದಲ್ಲಿ ಕಣ್ಣಿಟ್ಟಿದ್ದ ಗಂಡ ಬೆರಳು ಮಡಚಿ ಒಂದು ಪುಟ್ಟ ಸುತ್ತು ಮಾಡಿ ತೋರಿಸಿದ. ಅಷ್ಟರೊಳಗೆ ಎಲ್ಲ ಗುಂಡು.

ಇನ್ನು ಉಳಿದದ್ದು ಲೈಸೆನ್ಸು. ಬಂದೂಕಿನ ಕಾನೂನು ಬಲು ಕಟ್ಟುನಿಟ್ಟು. ಲೈಸೆನ್ಸಿನಲ್ಲಿ ರೈಫಲ್ಲಿನ ನಂಬರು, ಕ್ಯಾಲಿಬರು ಎರಡೂ ಬರೆದಿರುತ್ತವೆ. ಬರೆದದ್ದನ್ನು ಬಿಟ್ಟು ಬೇರೆಯದನ್ನು ಮನೆಗೆ ತರುವಂತಿಲ್ಲ. ಅಕ್ಕನ ಲೈಸೆನ್ಸಿನಲ್ಲಿ ಇದ್ದದ್ದು ಒಂದೇ ರೈಫಲ್ಲಿಗೆ ಜಾಗ. ಹೊಸದು ಬರಬೇಕಾದರೆ ಹಳೆಯದನ್ನು ತೆಗೆಸಿ, ಬದಲಾವಣೆ ಯಾಕೆ ಎಂದು ಕಾರಣ ಕೊಡಬೇಕು.

ಅರ್ಜಿ ತುಂಬುವಾಗ ಗಂಡ ಪಕ್ಕದಲ್ಲಿ ಕೂತಿದ್ದ. "ಭುಜದ ವಿಷಯ ಬರೀಬೇಡ. ಹೊಸ ಕ್ಯಾಲಿಬರ್ ಮೇಲೆ ಆಸೆ ಆಯ್ತು ಅಂತ ಬರಿ. ಅವರು ಇದ್ದದ್ದನ್ನೂ ಕಿತ್ಕೊಂಡ್ರೆ ಏನ್ ಮಾಡ್ತೀಯ?"

"ಕಾರಣ ಅದೇ ತಾನೇ ರೀ?"

"ಕಾರಣ ಅದೇ. ಹೇಳೋದಕ್ಕೆ ಬೇರೆ ಇರಬಾರದಾ?"

"ನಾಳೆ ಯಾರಾದ್ರೂ ಕೇಳಿದ್ರೆ ಎರಡೆರಡು ಕಾರಣ ನೆನಪಿಟ್ಕೋಬೇಕು. ನನಗೆ ಮನೆ ಬೀಗದ ಕೈಯೇ ನೆನಪಿರಲ್ಲ," ಎಂದು ಅಕ್ಕ ಭುಜ, ಪಟ್ಟಿ, ಸ್ಕ್ರೂ ಎಲ್ಲವನ್ನೂ ಬರೆದು ಕೊಟ್ಟಳು.

ಕೆಲವು ದಿನಗಳಲ್ಲಿ ಲೈಸೆನ್ಸ್ ಕಚೇರಿಯ ಇನ್ಸ್‌ಪೆಕ್ಟರ್ ಮನೆಗೇ ಬಂದಳು. ವಯಸ್ಸಿನಲ್ಲಿ ಅಕ್ಕನಿಗಿಂತ ಚಿಕ್ಕವಳು, ಮುಖದಲ್ಲಿ ಮಾತ್ರ ನಗುವಿನ ಗುರುತಿಲ್ಲ. ರೈಫಲ್ ಇಡಲು ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿದಳು. ಬೀಗದ ಕೈ ಎಲ್ಲಿಡುತ್ತೀರಿ ಎಂದು ಅಕ್ಕನನ್ನು ಕೇಳಿ, ಅತ್ತೆಯನ್ನು ಬೇರೆಯಾಗಿ ಕೇಳಿದಳು. "ನನಗೆ ಹೇಳಿದ್ರೆ ತಾನೇ ಗೊತ್ತಾಗೋದು?" ಎಂದರು ಅತ್ತೆ. "ಸೊಸೆ ಬಂದಾಗಿಂದ ಈ ಮನೇಲಿ ನನಗೆ ತಿಳೀದೇ ಇರೋದು ಅದೊಂದೇ." ಇನ್ಸ್‌ಪೆಕ್ಟರ್ ಅದನ್ನು ಬರೆದುಕೊಂಡಳು. ಅತ್ತೆ ಕೊಟ್ಟದ್ದು ದೂರು, ಸೊಸೆಗೆ ದೊರಕಿದ್ದು ಸರ್ಟಿಫಿಕೇಟು.

ಕೂತು ಚಹಾ ಕುಡಿಯುವಾಗ ಇನ್ಸ್‌ಪೆಕ್ಟರ್ ಅರ್ಜಿ ತೆರೆದಳು. "ನನ್ನ ಹತ್ತಿರ ಬರೋರೆಲ್ಲ ಚಿಕ್ಕದು ಕೊಟ್ಟು ದೊಡ್ಡದು ಕೇಳ್ತಾರೆ. ದೊಡ್ಡದು ಕೊಟ್ಟು ಚಿಕ್ಕದು ಕೇಳೋರು ನೀವೇ ಮೊದಲು. ಅದೂ ಅಂಗಡೀಲಿ ತೋಟಾನೇ ಸಿಗದ ಕ್ಯಾಲಿಬರು. ಯಾಕೆ ಮೇಡಂ ಇಂಥ ವಿಚಿತ್ರದ್ದು?"

"ನಿಮ್ಮ ಕಾಲಿಗೆ ಸರಿಹೋಗೋ ಚಪ್ಪಲಿ ಅಂಗಡೀಲಿ ಇಲ್ಲ ಅಂದ್ರೆ ಹೊಲಿಸ್ಕೊಳ್ತೀರ, ಕಾಲು ಕತ್ತರಿಸ್ಕೊಳ್ಳಲ್ಲ. ಇದು ನನ್ನ ಭುಜದ ಅಳತೆಯದು."

"ಭುಜದ ವಿಷಯಕ್ಕೇ ಬರ್ತೀನಿ. ಈ ಕೈಯಲ್ಲಿ ರೈಫಲ್ ಸುರಕ್ಷಿತವಾಗಿ ಹಿಡೀತೀರಿ ಅಂತ ನಾನು ಹೇಗೆ ನಂಬಲಿ? ತೋರಿಸಿ."

ಅಕ್ಕ ಹಳೆಯ ರೈಫಲ್ ತೆಗೆದು, ಬೋಲ್ಟ್ ಎಳೆದು, ಒಳಗೆ ಖಾಲಿ ಎಂದು ಮೊದಲು ಇನ್ಸ್‌ಪೆಕ್ಟರಿಗೆ ತೋರಿಸಿದಳು. ನೆಲದ ಮೇಲೆ ಮಲಗಿದಳು. ಎತ್ತಿದಳು, ಆನಿಸಿದಳು, ಬೋಲ್ಟ್ ಎಳೆದಳು, ಮುಚ್ಚಿದಳು. ಇನ್ಸ್‌ಪೆಕ್ಟರ್ 'ಸಾಕು' ಎನ್ನಲಿಲ್ಲ. ಮತ್ತೆ, ಮತ್ತೆ. ಬಾಗಿಲಲ್ಲಿ ನಿಂತ ಗಂಡನ ಹಣೆಯಲ್ಲಿ ಬೆವರು. ಅಕ್ಕನ ತೋಳು ನಡುಗಲಿಲ್ಲ, ನಳಿಕೆ ಒಮ್ಮೆಯೂ ಜನರಿದ್ದ ಕಡೆ ತಿರುಗಲಿಲ್ಲ.

"ಏಳಿ," ಎಂದಳು ಇನ್ಸ್‌ಪೆಕ್ಟರ್. "ಇವತ್ತು ಸರಿ. ಮುಂದೆ ಒಂದು ದಿನ ಆ ಚಿಕ್ಕದನ್ನೂ ಹಿಡಿಯೋಕಾಗದೆ ಹೋದ್ರೆ?"

"ಆವತ್ತು ನಾನೇ ನಿಮಗೆ ಫೋನ್ ಮಾಡ್ತೀನಿ. ಇನ್ನು ನೀವು ಗಾಡಿ ಓಡಿಸಬೇಡಿ ಅಂತ ಎಷ್ಟೋ ಜನಕ್ಕೆ ನನ್ನ ಅಂಗಡೀಲಿ ಕೂರಿಸಿ ಹೇಳಿದ್ದೀನಿ. ಅತ್ತಿದ್ದಾರೆ, ಬೈದಿದ್ದಾರೆ. ಬೇರೆಯವರಿಗೆ ಹೇಳೋ ಬಾಯಿಗೆ ನನಗೇ ಹೇಳ್ಕೊಳ್ಳೋಕೆ ಬರಲ್ವಾ?"

ಇನ್ಸ್‌ಪೆಕ್ಟರ್ ಅರ್ಜಿ ಮಡಚಿದಳು. "ನೀವು ಭುಜದ ವಿಷಯ ಮುಚ್ಚಿಟ್ಟಿದ್ರೆ ನಾನು ಬರ್ತಾ ಇರಲಿಲ್ಲ, ತಿರಸ್ಕಾರದ ಪತ್ರ ಬರ್ತಿತ್ತು. ನೀವು ಆಸ್ಪತ್ರೆಗೆ ಸೇರಿದ ಸುದ್ದಿ ನಮಗೆ ಮೊದಲೇ ಬಂದಿತ್ತು." ಬಾಗಿಲಲ್ಲಿದ್ದ ಗಂಡ ಸದ್ದಿಲ್ಲದೆ ಒಳಗೆ ಸರಿದ. "ಆದ್ರೆ ಮೊದಲು ಹಳೇದು ನಿಮ್ಮ ಹೆಸರಿಂದ ಹೋಗಬೇಕು. ಹೊಸದರ ಮಾತು ಆಮೇಲೆ. ಸಿಗುತ್ತೆ ಅಂತ ಇವತ್ತು ಮಾತು ಕೊಡೋಕೆ ನನಗಾಗಲ್ಲ."

ಕೈಯಲ್ಲಿದ್ದದ್ದನ್ನು ಬಿಟ್ಟು, ಇನ್ನೂ ಸಿಗದಿದ್ದುದಕ್ಕೆ ಕಾಯಬೇಕು. ಗಂಡ ಅಳುಕಿದ. ಅಕ್ಕ ಅಳುಕಲಿಲ್ಲ. ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಲು ಅವಳಿಗೆ ರೈಫಲ್ ಬೇಕಿರಲಿಲ್ಲ. ಹೊಡೆಯಲಾಗದ್ದು ಇದ್ದರೂ ಒಂದೇ, ಹೋದರೂ ಒಂದೇ.

ಹಳೆಯದನ್ನು ಕೊಳ್ಳಲು ಓಡಿಬಂದವರು ಮೀಸೆ ಮೇಷ್ಟ್ರು. ಚಿತ್ರಕಲೆ ಕಲಿಸಿ ನಿವೃತ್ತರಾದವರು. ಮೀಸೆಯ ಎರಡು ತುದಿಯೂ ಒಂದೇ ಎತ್ತರಕ್ಕಿವೆಯೇ ಎಂದು ದಿನಾ ಕನ್ನಡಿಯಲ್ಲಿ ಪರೀಕ್ಷಿಸುವ ಮನುಷ್ಯ. ಪ್ರತಿ ವರ್ಷವೂ ಪಂದ್ಯದಲ್ಲಿ ಅಕ್ಕ ಮೊದಲು, ಮೇಷ್ಟ್ರು ಎರಡನೆಯವರು. ಪ್ರತಿ ಸಲವೂ ಬಿಸಿಲು, ಗಾಳಿ, ತೋಟಾ ಒಂದಲ್ಲ ಒಂದಕ್ಕೆ ತಪ್ಪು ಹೊರಿಸಿ ಮನೆಗೆ ಹೋಗುತ್ತಿದ್ದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆ ಅವರಿಗಾಗಿಯೇ ಹುಟ್ಟಿದ್ದು ಎಂದು ಕ್ಲಬ್ಬಿನಲ್ಲಿ ಮಾತು. ಅಕ್ಕನ ಗೆಲುವಿನ ಗುಟ್ಟು ಅವಳ ರೈಫಲ್ಲಿನಲ್ಲೇ ಇದೆ ಎಂದು ಅವರು ಒಳಗೊಳಗೇ ನಂಬಿದ್ದರು.

ಅಕ್ಕ ರೈಫಲ್ಲಿನ ಜೊತೆ ಅದರ ಗುಣಾವಗುಣಗಳನ್ನೂ ಕೊಟ್ಟಳು. "ನಳಿಕೆ ತಣ್ಣಗಿದ್ದಾಗ ಮೊದಲ ಗುಂಡು ಸ್ವಲ್ಪ ಎಡಕ್ಕೆ, ಮೇಲಕ್ಕೆ ಹೋಗುತ್ತೆ ಮೇಷ್ಟ್ರೇ. ಅದಕ್ಕೆ ಅಷ್ಟು ಬಿಟ್ಟು ಹಿಡೀಬೇಕು. ಆಮೇಲೆ ಚಿನ್ನದಂಥದ್ದು."

ಮೇಷ್ಟ್ರ ಕಣ್ಣು ಕಿರಿದಾಯಿತು. "ಹೌದಾ?"

"ನಂಬಿಕೆ ಬರದಿದ್ರೆ ಹೊಡೆದು ನೋಡಿ."

ಮೇಷ್ಟ್ರು ತಿಂಗಳೊಪ್ಪತ್ತು ಹೊಡೆದು ನೋಡಿ, ಕೊನೆಗೆ ನಂಬಿದರು. ಅದೂ ಎಲ್ಲರೆದುರು ಹೇಳಲಿಲ್ಲ. ಕ್ವಾರಿಯ ಗೇಟಿನಲ್ಲಿ ಸಿಕ್ಕಾಗ ಮೆಲ್ಲಗೆ, "ನೀವು ಹೇಳಿದ್ದು ನಿಜ," ಎಂದು ಹೇಳಿ ಸರಸರ ನಡೆದರು.

ಆ ದಿನಗಳಲ್ಲಿ ಅಕ್ಕ ಕೈಯಲ್ಲಿ ಏನೂ ಇಲ್ಲದೆ ಕ್ವಾರಿಗೆ ಹೋಗುತ್ತಿದ್ದಳು. ಬೇರೆಯವರ ಹಿಂದೆ ಕೂತು ಗಾಳಿಯನ್ನೇ ಓದುತ್ತಿದ್ದಳು. ಗಾಳಿ ತೋರಿಸಲು ನೆಟ್ಟ ಕೆಂಪು ಬಾವುಟ ಯಾವಾಗ ಜೋತುಬೀಳುತ್ತದೆ, ಬಿಸಿಲಿನ ಝಳ ಯಾವ ಕಡೆ ವಾಲುತ್ತದೆ, ಕ್ವಾರಿಯ ಬಾಯಿಂದ ನುಗ್ಗುವ ಗಾಳಿ ಗೋಡೆಗೆ ಬಡಿದು ಹೇಗೆ ಹಿಂದಕ್ಕೆ ಬರುತ್ತದೆ ಎಂದು. ಹೊಡೆಯುವ ಭರದಲ್ಲಿ ಇಷ್ಟು ವರ್ಷ ಕಣ್ಣಿಗೆ ಬೀಳದ್ದೆಲ್ಲ ಈಗ ಬೀಳುತ್ತಿತ್ತು. 'ಪಾಪ, ಆಸೆ ಬಿಡಲಿಲ್ಲ' ಎಂದುಕೊಂಡವರು ಎಂದುಕೊಳ್ಳಲಿ.

ಲೈಸೆನ್ಸು ಬಂತು. ಕ್ಯಾಲಿಬರಿನ ಜಾಗದಲ್ಲಿ 'ಆರು ಮಿಲಿಮೀಟರ್' ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಅಕ್ಕ ಅಂಗಡಿ ಮುಚ್ಚುವ ತನಕವೂ ಕಾಯಲಿಲ್ಲ. 'ಈಗ ಬಂದೆ' ಎಂಬ ಹಲಗೆ ನೇತುಹಾಕಿ ಸಾಹುಕಾರನ ಓಣಿಗೆ ನಡೆದಳು.

ತೋಟಾ ತುಂಬುವ ಕೆಲಸಕ್ಕೆ ಮನೆಯ ಹಿಂಬದಿಯ ಕೋಣೆಯ ಮೇಜು ಮೀಸಲಾಯಿತು. ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು, "ಇಷ್ಟು ಗಿಡ್ಡದ್ದು ಅಷ್ಟು ದೂರ ಹೋಗುತ್ತೇನೇ?"

"ಹೋಗುತ್ತೆ ಅತ್ತೆ, ದಾರಿ ತಪ್ಪದೆ."

"ಹೋಗಲಿ ಬಿಡು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು," ಎಂದು ಅತ್ತೆ ಒಪ್ಪಿಗೆಯ ಮುದ್ರೆ ಒತ್ತಿದರು. ಅವರೂ ಗಿಡ್ಡಗೇ ಇದ್ದರು.

ಕ್ಲಬ್ಬಿನವರು ಮಾತ್ರ ಆ ತೋಟಾ ಕಂಡು ಬಿದ್ದು ಬಿದ್ದು ನಕ್ಕರು. ಒಬ್ಬ ಸೀಮೆಸುಣ್ಣದ ತುಂಡು ಎಂದ, ಇನ್ನೊಬ್ಬ ಬಾಟಲಿಯ ಬಿರಡೆ ಎಂದ. ಅಕ್ಕನೂ ನಕ್ಕಳು. ನಗುವವರ ಬಾಯಿ ಮುಚ್ಚಿಸುವ ಕೆಲಸವನ್ನು ಅವಳು ಡುಮ್ಮನಿಗೇ ಬಿಟ್ಟಿದ್ದಳು.

ಪಂದ್ಯದ ದಿನ ಬೆಳಗಿನಿಂದಲೇ ಗಾಳಿ ಹುಚ್ಚೆದ್ದಿತ್ತು. ಮೇಷ್ಟ್ರಿಗೂ ಅಕ್ಕನಿಗೂ ಅಕ್ಕಪಕ್ಕದ ಜಾಗ ಬಂತು. ಮೇಷ್ಟ್ರು ಅವಳ ಹಳೆಯ ರೈಫಲ್ಲನ್ನು ಒರೆಸಿ ಒರೆಸಿ ಕನ್ನಡಿ ಮಾಡಿದ್ದರು. ಅದು ಅವರ ಅಗಲವಾದ ಭುಜಕ್ಕೆ ಎಷ್ಟು ಚೆನ್ನಾಗಿ ಕೂರುತ್ತದೆ ಎಂದು ಅಕ್ಕ ಮೊದಲ ಸಲ ಗಮನಿಸಿದಳು. ತನ್ನ ಕೈಯಲ್ಲಿ ಅದು ಯಾವತ್ತೂ ಅಷ್ಟು ಸಲೀಸಾಗಿ ಕೂತಿರಲಿಲ್ಲ. ಅದನ್ನು ಪಳಗಿಸಿಕೊಂಡಿದ್ದಳು, ಅಷ್ಟೇ.

ಮೊದಲ ಸುತ್ತಿನಲ್ಲಿ ಡುಮ್ಮ ಮಾತು ಕೇಳಿದ. ಸದ್ದು, ಒಂದು ತಟ್ಟು, ದೂರದಲ್ಲಿ ಗುಂಡು ನಡುವಿಗೆ. ನಗುತ್ತಿದ್ದವರ ಗದ್ದಲ ಕಡಿಮೆಯಾಯಿತು. ಎರಡನೆಯ ಸುತ್ತಿನ ನಡುವೆ ಬಾವುಟ ಒಮ್ಮೆ ಬಿದ್ದು ಎದ್ದಿತು. ಅಕ್ಕ ಅದನ್ನು ಕಂಡಳು, ಕಾಯಬೇಕೆಂದೂ ಅನ್ನಿಸಿತು. ಆದರೆ ಬೆರಳು ಆಗಲೇ ಎಳೆದಿತ್ತು. ಗುಂಡು ಬಲಕ್ಕೆ ಸರಿದು ಹೊರಸುತ್ತಿನಲ್ಲಿ ಕೂತಿತು. ಹಾಳಾಗಿ ಹೋಗಲಿ ಎಂದು ಅವಳು ಒಂದು ದೀರ್ಘ ಉಸಿರು ಬಿಟ್ಟು ಮತ್ತೆ ಕೆನ್ನೆ ಆನಿಸಿದಳು. ಕೊನೆಯ ಸುತ್ತಿನಲ್ಲಿ ಗಾಳಿಯ ಪ್ರತಿಯೊಂದು ಉಸಿರನ್ನೂ ಕಾದು ಹೊಡೆದಳು. ಒಂದೂ ನಡುವು ಬಿಟ್ಟು ಹೋಗಲಿಲ್ಲ.

ಆದರೂ ಆ ಒಂದು ಗುಂಡು ಕೈಕೊಟ್ಟಿತ್ತು. ಲೆಕ್ಕ ಓದಿದಾಗ ಮೇಷ್ಟ್ರು ಗೆದ್ದಿದ್ದರು. ಹೆಚ್ಚಿಲ್ಲ, ಕೂದಲೆಳೆಯಷ್ಟು.

ಮೇಷ್ಟ್ರಿಗೆ ನಂಬಿಕೆಯೇ ಬರಲಿಲ್ಲ. ಬಟ್ಟಲು ಕೈಗೆ ಬಂದಾಗ ಮೀಸೆ ತಿರುವುವುದನ್ನೂ ಮರೆತು ನಿಂತರು. ಅಕ್ಕನಿಗೆ ಎದೆಯಲ್ಲಿ ಚುರುಕ್ ಎಂದದ್ದು ನಿಜ. ಬಟ್ಟಲು ಇಲ್ಲದ ಕಪಾಟು ಕಣ್ಣಮುಂದೆ ಬಂತು. ಆಮೇಲೆ ಬಲಗೈ ಎತ್ತಿ ಜೋರಾಗಿ ಮೇಷ್ಟ್ರ ಬೆನ್ನು ತಟ್ಟಿದಳು. ಆಗ ಗೊತ್ತಾಯಿತು, ಕೈ ಅಷ್ಟೆತ್ತರಕ್ಕೆ ಹೋಗುತ್ತಿದೆ, ನೋವಿನ ಸುಳಿವೇ ಇಲ್ಲ. ಇಡೀ ದಿನ ಹೊಡೆದ ಭುಜ!

"ರೀ, ನೋಡ್ರೀ," ಎಂದು ಗಂಡನ ಮುಂದೆ ಗಾಳಿಯಲ್ಲಿ ತೋಳು ತಿರುಗಿಸಿದಳು. ಸೋತವಳು ಇವಳೋ ಮೇಷ್ಟ್ರೋ ಎಂದು ನೋಡುತ್ತಿದ್ದವರಿಗೆ ಗೊಂದಲವಾಯಿತು. ಮನೆಗೆ ಬಂದವಳೇ ಅತ್ತೆಯ ಕೈಯಿಂದ ಒದ್ದೆ ಬಟ್ಟೆಯ ಬುಟ್ಟಿ ಕಿತ್ತುಕೊಂಡು ಎತ್ತರದ ತಂತಿಗೆ ಒಂದೊಂದಾಗಿ ಹರವಿದಳು.

ಅದೇ ವಾರ ಮೇಷ್ಟ್ರು ಅಂಗಡಿಗೆ ಬಂದರು. ಗಿರಾಕಿಗಳು ಹೋಗುವ ತನಕ ಫ್ರೇಮು ನೋಡುವ ನಾಟಕ ಮಾಡಿ, ಆಮೇಲೆ ಗಲ್ಲಾದ ಹತ್ತಿರ ಬಗ್ಗಿದರು. "ಅಕ್ಕ, ಒಂದು ಮಾತು. ನಿಮ್ಮ ಕೊನೇ ಸುತ್ತು ನೋಡಿದೆ. ನನ್ನ ಜೀವಮಾನದಲ್ಲಿ ಅಂಥದ್ದು ನೋಡಿಲ್ಲ. ನಾನೂ ಲೈಸೆನ್ಸ್ ಬದಲಾಯಿಸಿ ಆರು ಮಿಲಿಮೀಟರ್‌ಗೆ ಹೋಗೋಣ ಅಂತ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಮೇಷ್ಟ್ರೇ, ಗೆದ್ದಿದ್ದು ನೀವು."

"ಗೆದ್ದೆ. ಆದ್ರೆ ಆ ಕೊನೇ ಸುತ್ತು..."

"ನಿಮಗೆ ರೈಫಲ್ ಬೇಕಿಲ್ಲ. ನನ್ನ ಕೈಯಲ್ಲಿ ಯಾವುದಿದೆಯೋ ಅದು ಬೇಕು. ನಾಳೆ ನಾನು ಕವಣೆ ಹಿಡಿದ್ರೆ ಅದಕ್ಕೂ ಅರ್ಜಿ ಹಾಕ್ತೀರ."

ಮೇಷ್ಟ್ರ ಮುಖ ಕೆಂಪಾಯಿತು. ಆದರೆ ಹೊರಟು ಹೋಗಲಿಲ್ಲ. ಅಕ್ಕ ದನಿ ತಗ್ಗಿಸಿದಳು. "ಆ ದೊಡ್ಡದು ನಿಮ್ಮ ಮೈಗೆ ಹೇಳಿ ಮಾಡಿಸಿದ ಹಾಗಿದೆ. ನನಗೇ ಅದು ಅಷ್ಟು ಒಗ್ಗಿರಲಿಲ್ಲ. ಬಿಡಬೇಡಿ. ಬೇಕಾದ್ರೆ ಆ ಕುರ್ಚಿ ಮೇಲೆ ಕೂತ್ಕೊಳ್ಳಿ, ಗುರಿ ನೋಡುವಾಗ ನೀವು ಕಣ್ಣು ಕಿರಿದು ಮಾಡ್ತೀರ, ಪಕ್ಕದಲ್ಲಿ ಮಲಗಿದ್ದಾಗ ನೋಡಿದೆ."

ಮೇಷ್ಟ್ರು ಮೊದಲು, ತಮ್ಮ ಕಣ್ಣಿಗೇನೂ ಆಗಿಲ್ಲ ಎಂದರು. ಆಮೇಲೆ ಕೂತರು. ಎಡಗಣ್ಣಿನಲ್ಲಿ ಗೋಡೆಯ ಅಕ್ಷರಗಳನ್ನು ಪಾಠದಂತೆ ಗಡಗಡ ಓದಿದವರು, ಬಲಗಣ್ಣಿಗೆ ಬಂದಾಗ ಮೂರನೆಯ ಸಾಲಿನಲ್ಲೇ ತಡವರಿಸಿದರು. ಅಕ್ಕ ಒಂದೊಂದೇ ಗಾಜು ಬದಲಾಯಿಸುತ್ತ ಹೋದಳು. ಒಂದು ಗಾಜಿಗೆ ಮೇಷ್ಟ್ರು ತಟ್ಟನೆ ಮುಂದಕ್ಕೆ ಬಗ್ಗಿದರು. ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳನ್ನು ಮೆಲ್ಲಗೆ ಓದಿದರು. ಬಾಗಿಲಾಚೆ, ರಸ್ತೆಯ ಆ ಬದಿಯ ಬಸ್ಸಿನ ಬೋರ್ಡನ್ನೂ ಓದಿದರು.

"ಇಷ್ಟು ದಿನ ನಾನು ಮಂಜಿನೊಳಗೆ ಹೊಡೀತಿದ್ನಾ?"

"ಮಂಜಿನೊಳಗೆ ಹೊಡೆದೇ ಗೆದ್ರಿ."

ಮೇಷ್ಟ್ರು ಕುರ್ಚಿಯಿಂದ ಇಳಿಯದೆ ಅವಳನ್ನೇ ನೋಡಿದರು. "ಈ ಗಾಜು ನನಗೆ ಕೊಟ್ರೆ ಮುಂದಿನ ವರ್ಷ ನಿಮಗೇ ಕಷ್ಟ. ಯೋಚನೆ ಮಾಡಿ."

"ಯೋಚನೆ ಮಾಡಿದೆ," ಎಂದಳು ಅಕ್ಕ, ಅಳತೆ ಬರೆದುಕೊಳ್ಳುತ್ತ. "ನಾಳೆ ಸಂಜೆ ಬನ್ನಿ, ಸಿದ್ಧ ಇರುತ್ತೆ. ಫ್ರೇಮ್ ಯಾವುದು ಬೇಕು ಈಗಲೇ ಆರಿಸಿ. ಮೀಸೆಗೆ ಒಪ್ಪೋದು ನೋಡಿ ಆರಿಸಬೇಡಿ, ಮೂಗಿನ ಮೇಲೆ ಗಟ್ಟಿ ಕೂರೋದು ನೋಡಿ."

ಮೇಷ್ಟ್ರು ಕನ್ನಡಿಯ ಮುಂದೆ ನಿಂತು ಒಂದೊಂದೇ ಫ್ರೇಮು ಹಾಕಿ ನೋಡತೊಡಗಿದರು. ಅಕ್ಕ ಹಿಂದಿನ ಕೋಣೆಗೆ ಹೋಗಿ ಗಾಜು ಉಜ್ಜುವ ಯಂತ್ರ ಚಾಲೂ ಮಾಡಿದಳು.